ಬಿದ್ದ ಮೇಲೆ ಮಗಳ ಕತ್ತು ಸೊಟ್ಟಗಾಗಿದೆ, ಇದು ಬರೀ ಉಳುಕಾ?

ಪ್ರಶ್ನೆ: ನನ್ನ ಮಗಳಿಗೆ 5 ವರ್ಷ. ಒಂಬತ್ತು ದಿನದ ಹಿಂದೆ ಮಂಚದ ಮೇಲೆ ಕುಣಿಯುತ್ತಾ ಕೆಳಗೆ ಬಿದ್ದಳು. ಸ್ವಲ್ಪ ಅತ್ತು ಸುಮ್ಮನಾದಳು. ರಾತ್ರಿ ಊಟ ಮಾಡಿ ಮಲಗಿದಳು. ಬೆಳಿಗ್ಗೆ ಎದ್ದಾಗ ತಲೆ ಎಡಕ್ಕೆ ವಾಲಿತ್ತು, ಗದ್ದ ಬಲಕ್ಕೆ ತಿರುಗಿತ್ತು. ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೆ ಅಂದರು. ಸಿರಪ್ ಕೊಟ್ಟ ಮೇಲೆ ನೋವು ಹೋಗಿದೆ, ಆಟ ಆಡುತ್ತಾಳೆ. ಆದರೆ ಕತ್ತು ಮಾತ್ರ ನೆಟ್ಟಗಾಗಿಲ್ಲ. ಬೀಳುವ ಹಿಂದಿನ ವಾರ ಅವಳಿಗೆ ಜ್ವರ, ಗಂಟಲುನೋವು ಇತ್ತು. ಪರಿಚಯದವರೊಬ್ಬರು ಕತ್ತು ತಿರುಗಿಸಿ ಸರಿ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಬಹುದಾ? ಇನ್ನೊಂದು ವಿಷಯ. ಅವಳ ತಮ್ಮನಿಗೆ ಈಗ ಎರಡು ತಿಂಗಳು. ಅವನೂ ಯಾವಾಗಲೂ ಒಂದೇ ಕಡೆ ಮುಖ ಮಾಡಿ ಮಲಗುತ್ತಾನೆ. ಕತ್ತಿನ ಎಡಗಡೆ ಸಣ್ಣ ಗಂಟು ಕೈಗೆ ಸಿಗುತ್ತದೆ. ಇದು ವಂಶದಲ್ಲಿ ಬರುವ ತೊಂದರೆಯಾ?

ಉತ್ತರ: ಮೊದಲು ನಿಮ್ಮ ಪರಿಚಯದವರ ವಿಷಯ ಮುಗಿಸಿಬಿಡೋಣ. ಬೇಡವೇ ಬೇಡ. ಯಾರೂ ಅವಳ ಕತ್ತನ್ನು ತಿರುಗಿಸುವುದು, ಎಳೆಯುವುದು, ನೆಟಿಕೆ ತೆಗೆಯುವುದು ಮಾಡಬಾರದು. ಎಣ್ಣೆ ಹಚ್ಚಿ ಒತ್ತಿ ಉಜ್ಜುವುದೂ ಬೇಡ. ಎರಡನೆಯದಾಗಿ, ಇವತ್ತು ಅಥವಾ ನಾಳೆಯೊಳಗೆ ಅವಳನ್ನು ಮಕ್ಕಳ ಮೂಳೆ ತಜ್ಞರಿಗೆ ತೋರಿಸಿ. ಅವರು ಸಿಗದಿದ್ದರೆ ಬೆನ್ನುಮೂಳೆ ತಜ್ಞರಾದರೂ ಆಗಬಹುದು. ನಿಮ್ಮನ್ನು ಹೆದರಿಸಬೇಕೆಂದು ಇದನ್ನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಮೂರು ವಿಷಯಗಳು ನನ್ನ ಕಿವಿ ನೆಟ್ಟಗಾಗಿಸಿದವು: ಒಂಬತ್ತು ದಿನ ಕಳೆದಿದೆ, ನೋವು ಹೋದರೂ ಓರೆ ಹೋಗಿಲ್ಲ, ಅದಕ್ಕೂ ಮುಂಚೆ ಗಂಟಲು ಕೆಟ್ಟಿತ್ತು.

ಮಕ್ಕಳಿಗೆ ಕತ್ತು ಉಳುಕುವುದು ಸಾಮಾನ್ಯ. ವಾರೆಯಾಗಿ ಮಲಗಿ ಎದ್ದರೂ ಆಗುತ್ತದೆ, ಪಲ್ಟಿ ಹೊಡೆದರೂ ಆಗುತ್ತದೆ. ಅಂಥ ಉಳುಕು ಎರಡು ಮೂರು ದಿನದಲ್ಲಿ ಸಡಿಲವಾಗುತ್ತಾ ಬರುತ್ತದೆ. ದಿನದಿಂದ ದಿನಕ್ಕೆ ತಲೆ ಸ್ವಲ್ಪ ಸ್ವಲ್ಪ ನೆಟ್ಟಗಾಗುವುದು ಕಣ್ಣಿಗೇ ಕಾಣುತ್ತದೆ. ಒಂದು ವಾರ ಕಳೆದರೂ ಇದ್ದ ಹಾಗೇ ಇದ್ದರೆ ಅದನ್ನು ಉಳುಕು ಎಂದು ಕರೆಯುವುದನ್ನು ನಿಲ್ಲಿಸಬೇಕು. ಆಗ ನಮ್ಮ ಮನಸ್ಸಿಗೆ ಮೊದಲು ಬರುವುದು ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು.

ಕತ್ತಿನಲ್ಲಿ ಏಳು ಮೂಳೆಗಳಿವೆ. ಎಲ್ಲಕ್ಕಿಂತ ಮೇಲಿನದು ಅಟ್ಲಾಸ್, ಬಳೆಯ ಆಕಾರದ್ದು. ಅದರ ಕೆಳಗಿನದು ಆಕ್ಸಿಸ್. ಆಕ್ಸಿಸ್‌ನಿಂದ ಮೇಲಕ್ಕೆ ಒಂದು ಗೂಟದಂಥ ಭಾಗ ಎದ್ದಿರುತ್ತದೆ. ಬಳೆ ಆ ಗೂಟದ ಸುತ್ತ ತಿರುಗುತ್ತದೆ, ಬೀಸುಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗಿದ ಹಾಗೆ. ನಾವು ತಲೆಯನ್ನು ಅತ್ತಿತ್ತ ತಿರುಗಿಸುವುದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಈ ಒಂದೇ ಜಾಗದಲ್ಲಿ ನಡೆಯುತ್ತದೆ. ಗೂಟ ಬಳೆಯೊಳಗೆ ಅಲ್ಲಾಡದ ಹಾಗೆ ಒಂದು ಗಟ್ಟಿ ಪಟ್ಟಿ ಅಡ್ಡ ಹಿಡಿದಿರುತ್ತದೆ. ಆ ಪಟ್ಟಿಯ ಹಿಂದೆಯೇ ಬೆನ್ನುಹುರಿ. ಅಲ್ಲಿ ಜೋರಾಗಿ ತಿರುಚುವುದು ಯಾಕೆ ಅಪಾಯ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕೆಲವು ಮಕ್ಕಳಲ್ಲಿ ಈ ಬಳೆ ಗೂಟದ ಮೇಲೆ ಒಂದು ಕಡೆಗೆ ತಿರುಗಿ ಅಲ್ಲೇ ನಿಂತುಬಿಡುತ್ತದೆ, ವಾಪಸ್ ಬರುವುದಿಲ್ಲ. ದೊಡ್ಡ ಪೆಟ್ಟೇ ಬೇಕಾಗಿಲ್ಲ. ಮಂಚದಿಂದ ಬೀಳುವುದು ಸಾಕು. ಎಷ್ಟೋ ಸಲ ಪೆಟ್ಟೇ ಇರುವುದಿಲ್ಲ, ಬರೀ ಗಂಟಲಿನ ಸೋಂಕು ಇರುತ್ತದೆ. ಗಂಟಲಿನ ಹಿಂಭಾಗಕ್ಕೂ ಈ ಕೀಲಿಗೂ ನಡುವೆ ಇರುವ ಅಂತರ ಬಹಳ ಕಡಿಮೆ. ರಕ್ತನಾಳಗಳೂ ಎರಡನ್ನೂ ಜೋಡಿಸುತ್ತವೆ. ಗಂಟಲಿನ ಉರಿಯೂತ ಹಿಂದಕ್ಕೆ ಹಬ್ಬಿದರೆ ಕೀಲನ್ನು ಹಿಡಿದಿರುವ ಪಟ್ಟಿಗಳು ಸಡಿಲವಾಗುತ್ತವೆ. ಹೀಗಾಗುವುದನ್ನು ಫ್ರಾನ್ಸಿನ ವೈದ್ಯ ಗ್ರಿಸೆಲ್ 1930ರಲ್ಲಿ ವಿವರಿಸಿದ್ದರಿಂದ ಇಂದಿಗೂ ಅದಕ್ಕೆ ಗ್ರಿಸೆಲ್ ಸಿಂಡ್ರೋಮ್ ಎಂದೇ ಹೆಸರು. ಟಾನ್ಸಿಲ್ ಅಥವಾ ಅಡಿನಾಯ್ಡ್ ಆಪರೇಷನ್ ಆದ ನಂತರವೂ ಇದು ಬರುವುದುಂಟು. ನಿಮ್ಮ ಮಗಳಿಗೆ ಎರಡೂ ಕೂಡಿ ಬಂದಿರಬಹುದು: ಸೋಂಕಿನಿಂದ ಮೊದಲೇ ಸಡಿಲವಾಗಿದ್ದ ಕೀಲಿನ ಮೇಲೆ ಮಂಚದಿಂದ ಬಿದ್ದ ಪೆಟ್ಟು. ಇದು ನನ್ನ ಊಹೆ. ಮಗುವನ್ನು ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾಗದು.

ಎರಡು ಸಂಗತಿ ಮಾತ್ರ ನೀವು ಮನೆಯಲ್ಲೇ ಗಮನಿಸಬಹುದು. ಮುಟ್ಟದೆ ಮಾಡುವಂಥದ್ದನ್ನು ಮೊದಲು ಹೇಳುತ್ತೇನೆ. ಮಗಳನ್ನು ಕೂರಿಸಿ, ಅವಳ ಎಡಗಡೆ ಹಿಂದೆ ನಿಂತು ಹೆಸರು ಹಿಡಿದು ಕರೆಯಿರಿ. ಅವಳು ತಾನಾಗಿ ಎಷ್ಟು ತಿರುಗುತ್ತಾಳೆ ನೋಡಿ. ಕೀಲು ಸಿಕ್ಕಿಕೊಂಡಿದ್ದರೆ ಗದ್ದ ಮಧ್ಯದ ಗೆರೆಯನ್ನು ದಾಟಿ ಎಡಕ್ಕೆ ಬರುವುದಿಲ್ಲ. ಅದರ ಬದಲು ಭುಜ, ಸೊಂಟ ಎಲ್ಲವನ್ನೂ ಒಟ್ಟಿಗೆ ತಿರುಗಿಸಿ ನಿಮ್ಮನ್ನು ನೋಡುತ್ತಾಳೆ. ಬಲಕ್ಕಾದರೆ ಇನ್ನೂ ಸ್ವಲ್ಪ ತಿರುಗಬಲ್ಲಳು.

ಇನ್ನೊಂದು ಕತ್ತಿನ ಪಕ್ಕದ ಸ್ನಾಯುವಿನದು. ಕಿವಿಯ ಹಿಂದಿನಿಂದ ಓರೆಯಾಗಿ ಇಳಿದು ಎದೆಯ ಮೇಲ್ಭಾಗಕ್ಕೆ ಸೇರುವ ಹಗ್ಗದಂಥ ಸ್ನಾಯು ಎರಡೂ ಕಡೆ ಇರುತ್ತದೆ. ಎಡಗಡೆಯದು ಬಿಗಿಯಾದರೆ ತಲೆ ಎಡಕ್ಕೆ ವಾಲಿ ಗದ್ದ ಬಲಕ್ಕೆ ತಿರುಗುತ್ತದೆ. ಹಾಗಾಗಿ ಬರೀ ಸ್ನಾಯುವಿನ ತೊಂದರೆ ಇದ್ದರೆ ನಿಮ್ಮ ಮಗಳ ಎಡಗಡೆ ಸ್ನಾಯು ಗಟ್ಟಿಯಾಗಿರಬೇಕು. ಕೀಲು ಸಿಕ್ಕಿಕೊಂಡಿದ್ದರೆ ಇದು ತಿರುಗುಮುರುಗು. ಗದ್ದ ಯಾವ ಕಡೆಗಿದೆಯೋ ಆ ಕಡೆಯ, ಅಂದರೆ ಬಲಗಡೆಯ ಸ್ನಾಯು ಸೆಟೆದುಕೊಂಡಿರುತ್ತದೆ. ಅದು ಪಾಪ, ತಲೆಯನ್ನು ಮತ್ತೆ ನೆಟ್ಟಗೆ ತರಲು ಒದ್ದಾಡುತ್ತಿರುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಎರಡೂ ಕಡೆ ಸವರಿ ನೋಡಿದರೆ ವ್ಯತ್ಯಾಸ ಗೊತ್ತಾಗಬಹುದು. ಒತ್ತಬೇಡಿ. ಗೊತ್ತಾಗದಿದ್ದರೂ ಚಿಂತೆ ಬೇಡ, ವೈದ್ಯರು ನೋಡುತ್ತಾರೆ. ಇದರಿಂದ ಏನೂ ಸಿಗಲಿಲ್ಲವೆಂದು ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ.

ಎಕ್ಸ್‌ರೇ ಸರಿ ಇದೆಯಲ್ಲ ಎಂದು ನೀವು ಕೇಳಬಹುದು. ಮುರಿದಿಲ್ಲ ಎನ್ನುವುದಷ್ಟನ್ನೇ ಆ ಎಕ್ಸ್‌ರೇ ಹೇಳಿದೆ. ತಲೆ ಓರೆಯಾಗಿರುವ ಮಗುವಿನ ಎಕ್ಸ್‌ರೇ ಓದುವುದು ನಮಗೂ ತಲೆನೋವು. ದವಡೆ, ಹಲ್ಲು, ತಲೆಬುರುಡೆ ಎಲ್ಲ ಒಂದರ ಮೇಲೊಂದು ಬಿದ್ದು ಮೇಲಿನ ಎರಡು ಮೂಳೆ ಸರಿಯಾಗಿ ಕಾಣುವುದೇ ಇಲ್ಲ. ಚಿಕ್ಕ ಮಕ್ಕಳಲ್ಲಿ ಎರಡನೇ ಮೂಳೆ ಮೂರನೆಯದರ ಮೇಲೆ ಒಂದಿಷ್ಟು ಮುಂದಕ್ಕೆ ಜಾರಿದಂತೆ ಕಾಣುವುದು ಸಹಜ. ಅದನ್ನು ಗಾಯ ಎಂದುಕೊಂಡವರೂ ಇದ್ದಾರೆ, ನಿಜವಾದ ಗಾಯವನ್ನು ಸಹಜ ಎಂದುಕೊಂಡವರೂ ಇದ್ದಾರೆ. ಅನುಮಾನ ಬಂದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ತಲೆ ಈಗ ಇರುವ ಹಾಗೆ ಒಮ್ಮೆ ತೆಗೆಯುತ್ತಾರೆ. ಮಗುವಿಗೆ ಎಷ್ಟು ಆಗುತ್ತದೋ ಅಷ್ಟು ಅತ್ತಿತ್ತ ತಿರುಗಿಸಿ ಮತ್ತೆ ತೆಗೆಯುವುದೂ ಇದೆ. ಎರಡು ಮೂಳೆಗಳು ಒಂದರ ಮೇಲೊಂದು ಜಾರುತ್ತವೆಯೋ, ಅಂಟಿಕೊಂಡ ಹಾಗೆ ಜೊತೆಯಲ್ಲೇ ತಿರುಗುತ್ತವೆಯೋ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಪಟ್ಟಿಗಳು ಮತ್ತು ಬೆನ್ನುಹುರಿ ಹೇಗಿವೆ ಎಂದು ನೋಡಲು ಎಂಆರ್‌ಐ.

ಇಷ್ಟೆಲ್ಲ ಅವಸರ ಮಾಡುತ್ತಿರುವುದಕ್ಕೆ ಕಾರಣ ಗಡಿಯಾರ. ಮೊದಲ ವಾರದೊಳಗೆ ಬಂದ ಮಕ್ಕಳಿಗೆ ಮೆತ್ತನೆಯ ಕಾಲರ್, ಉರಿಯೂತ ಇಳಿಸುವ ಔಷಧಿ, ವಿಶ್ರಾಂತಿ, ಇಷ್ಟರಲ್ಲೇ ಹೆಚ್ಚಿನವರದು ಸರಿಹೋಗುತ್ತದೆ. ವಾರ ದಾಟಿದರೆ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿಸಿ, ಗದ್ದದ ಕೆಳಗೆ ಪಟ್ಟಿ ಕಟ್ಟಿ ಸಣ್ಣ ತೂಕದಿಂದ ಮೆಲ್ಲಗೆ ಎಳೆತ ಕೊಡುತ್ತೇವೆ. ಸ್ನಾಯು ಸಡಿಲಿಸುವ ಔಷಧಿಯೂ ಜೊತೆಗಿರುತ್ತದೆ. ಕೆಲವು ದಿನಗಳಲ್ಲಿ ತಲೆ ತಾನಾಗಿ ನೆಟ್ಟಗೆ ಬಂದರೆ ನಂತರ ಕಾಲರ್ ಹಾಕಿಸುತ್ತೇವೆ. ಒಂದು ತಿಂಗಳು ಮೀರಿದರೆ ಕೆಲಸ ಕಷ್ಟ. ತಲೆಗೆ ಲೋಹದ ಉಂಗುರ ಕೂರಿಸಿ ಎಳೆತ ಕೊಡಬೇಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಅಥವಾ ಮತ್ತೆ ಮತ್ತೆ ಜಾರಿದರೆ ಆಪರೇಷನ್ ಮಾಡಿ ಆ ಎರಡು ಮೂಳೆಗಳನ್ನು ಬೆಸೆಯಬೇಕಾಗಬಹುದು. ಬೆಸೆದರೆ ಕತ್ತು ನೆಟ್ಟಗಿರುತ್ತದೆ, ತಿರುಗುವ ಶಕ್ತಿ ಮಾತ್ರ ಜೀವನಪೂರ್ತಿ ಕಡಿಮೆ. ನಿಮ್ಮ ಮಗಳು ಒಂಬತ್ತನೇ ದಿನದಲ್ಲಿದ್ದಾಳೆ. ತಡವಾಗಿದೆ ಅನ್ನುವಷ್ಟು ತಡವಾಗಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆರು ವರ್ಷದ ಹುಡುಗನೊಬ್ಬನನ್ನು ಉಳುಕು ಎಂದು ಹೇಳಿ ಸಿರಪ್ ಬರೆದು ಕಳಿಸಿದ್ದೆ. ಕಡಿಮೆಯಾಗದಿದ್ದರೆ ಬನ್ನಿ ಅಂದಿದ್ದೆ, ಯಾವಾಗ ಬರಬೇಕು ಎಂದು ಹೇಳಿರಲಿಲ್ಲ. ನೋವು ಕಡಿಮೆಯಾಯಿತಲ್ಲ ಎಂದು ಅವರು ಸುಮ್ಮನಿದ್ದರು. ಐದು ವಾರದ ನಂತರ ಬಂದರು. ಶಾಲೆಯ ಫೋಟೊದಲ್ಲಿ ಒಬ್ಬನ ತಲೆ ಮಾತ್ರ ವಾಲಿರುವುದನ್ನು ನೋಡಿ ಅವನ ಅಜ್ಜಿಗೆ ಅನುಮಾನ ಬಂದಿತ್ತಂತೆ. ಅವನ ಕತ್ತು ಸರಿಯಾಯಿತು, ಆದರೆ ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಬೇಕಾಯಿತು. ಅಂದಿನಿಂದ ಚೀಟಿಯ ಮೇಲೆ ದಿನಾಂಕ ಬರೆದೇ ಕಳಿಸುತ್ತೇನೆ.

ವೈದ್ಯರನ್ನು ನೋಡುವವರೆಗೆ ಅವಳು ಕುಣಿಯುವುದು, ಪಲ್ಟಿ ಹೊಡೆಯುವುದು, ಸೈಕಲ್ ಎಲ್ಲ ಬಂದ್. ಯಾವ ಭಂಗಿಯಲ್ಲಿ ಹಾಯಾಗಿರುತ್ತಾಳೋ ಹಾಗೇ ಮಲಗಲಿ, ನೆಟ್ಟಗೆ ಮಲಗು ಎಂದು ಒತ್ತಾಯ ಬೇಡ. ನೋವಿದ್ದರೆ ಅವಳ ತೂಕಕ್ಕೆ ಸರಿಯಾಗಿ ವೈದ್ಯರು ಹೇಳಿದಷ್ಟೇ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಕಾಲರ್ ಅನ್ನು ನೀವಾಗಿ ತಂದು ಹಾಕಬೇಡಿ. ಅಳತೆ ತಪ್ಪಿದ ಕಾಲರ್ ಓರೆಯನ್ನು ಇನ್ನಷ್ಟು ತಳ್ಳುತ್ತದೆ.

ನಾಳೆಯವರೆಗೂ ಕಾಯದೆ ನೇರವಾಗಿ ತುರ್ತು ಚಿಕಿತ್ಸೆಗೆ ಓಡಬೇಕಾದ ಸಂದರ್ಭಗಳೂ ಇವೆ. ಕೈಕಾಲು ಜೋಮು ಹಿಡಿಯುವುದು, ಶಕ್ತಿ ಕಡಿಮೆಯಾಗುವುದು, ನಡಿಗೆ ತೂರಾಡುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಇವು ಬೆನ್ನುಹುರಿಗೆ ಏನೋ ಆಗುತ್ತಿದೆ ಎನ್ನುವ ಸೂಚನೆ. ಜ್ವರದ ಜೊತೆಗೆ ಕತ್ತು ಬಿಗಿದು, ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ ಗಂಟಲಿನ ಹಿಂದೆ ಕೀವು ತುಂಬಿರಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು, ಉಸಿರಾಟಕ್ಕೇ ಅಡ್ಡ ಬರುವಂಥದ್ದು. ಜ್ವರವಿದ್ದು ಗದ್ದವನ್ನು ಎದೆಗೆ ತಾಗಿಸಲಾಗದೆ, ಬೆಳಕು ನೋಡಲಾಗದೆ, ಮಂಕಾಗಿ ಬಿದ್ದಿದ್ದರೆ ಮಿದುಳು ಪೊರೆಯ ಸೋಂಕಿನ ಯೋಚನೆ ಬರುತ್ತದೆ. ಬೆಳಗಿನ ಹೊತ್ತು ತಲೆನೋವು, ವಾಂತಿ, ಅದರ ಜೊತೆ ದಿನೇ ದಿನೇ ವಾಲುತ್ತಿರುವ ತಲೆ, ಇದನ್ನೂ ಹಗುರವಾಗಿ ನೋಡಬೇಡಿ. ಮಿದುಳಿನ ಹಿಂಭಾಗದ ಗೆಡ್ಡೆ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದು ಹೀಗೆ.

ಬೀಳುವ ವಿಷಯಕ್ಕೆ ಮತ್ತೆ ಬರೋಣ. ಚಿಕ್ಕ ಮಕ್ಕಳ ಕತ್ತು ದೊಡ್ಡವರ ಕತ್ತಿನ ಚಿಕ್ಕ ಅಳತೆ ಅಲ್ಲ. ಹುಟ್ಟಿದ ಮಗುವಿನ ಒಟ್ಟು ಉದ್ದದಲ್ಲಿ ಕಾಲು ಭಾಗ ತಲೆಯೇ. ಅಷ್ಟು ಭಾರ ಹೊರುವ ಕತ್ತಿನ ಸ್ನಾಯು ಇನ್ನೂ ಎಳೆಯದು, ಪಟ್ಟಿಗಳು ಸಡಿಲ, ಮೂಳೆಯ ಕೀಲುಗಳು ಮಟ್ಟಸವಾಗಿದ್ದು ಸುಲಭವಾಗಿ ಜಾರುತ್ತವೆ. ಹಾಗಾಗಿ ಸುಮಾರು ಎಂಟು ವರ್ಷದವರೆಗೆ ಪೆಟ್ಟು ಬೀಳುವುದು ಜಾಸ್ತಿ ಕತ್ತಿನ ಮೇಲಿನ ಭಾಗಕ್ಕೆ. ದೊಡ್ಡವರಿಗೆ ಕೆಳಭಾಗಕ್ಕೆ. ಇನ್ನೂ ಒಂದು ವಿಚಿತ್ರವಿದೆ. ಮಗುವಿನ ಬೆನ್ನುಮೂಳೆ ರಬ್ಬರಿನಂತೆ ಹಿಗ್ಗಿ ಮತ್ತೆ ಜಾಗಕ್ಕೆ ಬಂದುಬಿಡುತ್ತದೆ, ಒಳಗಿನ ಬೆನ್ನುಹುರಿ ಅಷ್ಟು ಹಿಗ್ಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದೆ ಹುರಿಗೆ ಮಾತ್ರ ಗಾಯವಾಗಿರುತ್ತದೆ. 1982ರಲ್ಲಿ ಪ್ಯಾಂಗ್ ಮತ್ತು ವಿಲ್‌ಬರ್ಗರ್ ಎಂಬ ವೈದ್ಯರು ಇದಕ್ಕೊಂದು ಹೆಸರು ಕೊಟ್ಟ ಮೇಲೆ ನಾವೆಲ್ಲ ಹುಷಾರಾದೆವು. ಬಿದ್ದ ಮಗು ಕೈಕಾಲಿನಲ್ಲಿ ಕರೆಂಟ್ ಹೊಡೆದ ಹಾಗಾಯಿತು ಅಂದರೆ, ಅದು ಒಂದು ಕ್ಷಣ ಮಾತ್ರ ಇದ್ದು ಹೋಗಿದ್ದರೂ, ವೈದ್ಯರಿಗೆ ಹೇಳಲೇಬೇಕು. ಆ ಗಾಯ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಜೋರಾಗಬಹುದು.

ಎತ್ತರದಿಂದ ಬಿದ್ದ ಮಗು ಎಚ್ಚರ ತಪ್ಪಿದ್ದರೆ ಅಥವಾ ಕತ್ತು ನೋವು ಅನ್ನುತ್ತಿದ್ದರೆ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳುವುದು ತಾಯಿ ಕರುಳಿನ ಸಹಜ ಕೆಲಸ. ಅದನ್ನು ತಡೆದುಕೊಳ್ಳಿ. ಉಸಿರಾಟ ಸರಿ ಇದ್ದರೆ, ಬಿದ್ದಲ್ಲೇ ಮಲಗಿಸಿ ತಲೆಯ ಎರಡೂ ಬದಿಗೆ ಅಂಗೈ ಇಟ್ಟು ಅಲ್ಲಾಡದಂತೆ ಹಿಡಿದುಕೊಂಡು ಆಂಬುಲೆನ್ಸ್ ಕರೆಯಿರಿ. ತಲೆ ಓರೆಯಾಗಿದ್ದರೆ ಓರೆಯಾಗಿಯೇ ಹಿಡಿಯಿರಿ, ನೆಟ್ಟಗೆ ಮಾಡಲು ಹೋಗಬೇಡಿ. ಕಾರಿನಲ್ಲಿ ಪುಟ್ಟ ಮಕ್ಕಳ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಲು ಹೇಳುವುದೂ ಇದೇ ಕತ್ತಿನ ಸಲುವಾಗಿ. ಬ್ರೇಕ್ ಬಿದ್ದಾಗ ತಲೆ ಮುಂದಕ್ಕೆ ಚಿಮ್ಮುವ ಬದಲು ಬೆನ್ನು, ತಲೆ ಎರಡೂ ಸೀಟಿಗೆ ಒರಗುತ್ತವೆ.

ಈಗ ಪುಟ್ಟ ತಮ್ಮನ ಕತೆ. ಅಕ್ಕನದಕ್ಕೂ ಅವನದಕ್ಕೂ ಸಂಬಂಧವಿಲ್ಲ, ಸಾಮಾನ್ಯವಾಗಿ ಇದು ವಂಶದಲ್ಲಿ ಬರುವುದೂ ಅಲ್ಲ. ಎರಡು ತಿಂಗಳ ಮಗುವಿಗೆ ಕತ್ತಿನ ಪಕ್ಕದ ಸ್ನಾಯುವಿನಲ್ಲಿ ಗಂಟು, ತಲೆ ಆ ಕಡೆ ವಾಲಿ ಮುಖ ಇನ್ನೊಂದು ಕಡೆ. ಇದು ಹೆಚ್ಚಾಗಿ ಹುಟ್ಟಿನಿಂದ ಬರುವ ಸ್ನಾಯುವಿನ ಬಿಗಿತ. ಹೊಟ್ಟೆಯೊಳಗೆ ಮಲಗಿದ ಭಂಗಿಯಿಂದಲೋ ಹೆರಿಗೆ ಕಷ್ಟವಾಗಿದ್ದರಿಂದಲೋ ಆ ಸ್ನಾಯು ಗಡುಸಾಗಿರುತ್ತದೆ. ಗಂಟು ಹುಟ್ಟಿದ ಎರಡು ಮೂರು ವಾರಕ್ಕೆ ಕೈಗೆ ಸಿಗಲು ಶುರುವಾಗಿ, ಕೆಲವು ತಿಂಗಳಲ್ಲಿ ತಾನಾಗಿ ಕರಗುತ್ತದೆ. ಅದು ಕ್ಯಾನ್ಸರ್ ಗಡ್ಡೆಯಲ್ಲ. ಅಲ್ಟ್ರಾಸೌಂಡ್ ಮಾಡಿದರೆ ಖಾತ್ರಿಯಾಗುತ್ತದೆ. ಗಂಟನ್ನು ಕರಗಿಸುತ್ತೇವೆಂದು ಹಿಸುಕಬೇಡಿ.

ಇಲ್ಲಿ ಚಿಕಿತ್ಸೆ ಎಂದರೆ ವ್ಯಾಯಾಮ. ಅಕ್ಕನ ಕತ್ತನ್ನು ಮುಟ್ಟಬೇಡಿ ಅಂದವನೇ ತಮ್ಮನ ಕತ್ತನ್ನು ಹಿಗ್ಗಿಸಿ ಅನ್ನುತ್ತಿದ್ದೇನೆ, ಗೊಂದಲ ಮಾಡಿಕೊಳ್ಳಬೇಡಿ. ಅದಕ್ಕೂ ಮೊದಲು ವೈದ್ಯರು ನೋಡಿ, ಇದು ಬರೀ ಸ್ನಾಯುವಿನದ್ದು ಅನ್ನಬೇಕು. ಆಮೇಲೆ ಫಿಸಿಯೋಥೆರಪಿಸ್ಟ್ ನಿಮ್ಮ ಕೈ ಹಿಡಿದು ಕಲಿಸುತ್ತಾರೆ. ಮೂರು ತಿಂಗಳೊಳಗೆ ಶುರು ಮಾಡಿದರೆ ಬಹುಪಾಲು ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಒಂದು ವರ್ಷದ ನಂತರವೂ ಬಿಗಿ ಉಳಿದವರಿಗೆ ಮಾತ್ರ ಸ್ನಾಯುವನ್ನು ಬಿಡಿಸುವ ಆಪರೇಷನ್ ಯೋಚಿಸುತ್ತೇವೆ. ಮನೆಯಲ್ಲಿ ನೀವು ಮಾಡಬಹುದಾದದ್ದು ಬಹಳ ಇದೆ. ಅವನು ತಿರುಗಲು ಇಷ್ಟಪಡದ ಕಡೆಯಿಂದ ಮಾತಾಡಿಸಿ. ಗಿಲಕಿ ಆ ಕಡೆಯಿಂದ ಆಡಿಸಿ. ಹಾಲು ಕುಡಿಸುವಾಗ ಆ ಕಡೆ ತಿರುಗುವ ಹಾಗೆ ಹಿಡಿಯಿರಿ. ಎಚ್ಚರ ಇದ್ದಾಗ, ನಿಮ್ಮ ಕಣ್ಣೆದುರೇ, ದಿನಕ್ಕೆ ಹಲವು ಬಾರಿ ಸ್ವಲ್ಪ ಹೊತ್ತು ಬೋರಲು ಮಲಗಿಸಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ, ದಿಂಬು ಬೇಡ. ಯಾವಾಗಲೂ ಒಂದೇ ಕಡೆ ಮಲಗಿದರೆ ತಲೆಬುರುಡೆಯ ಆ ಭಾಗ ಚಪ್ಪಟೆಯಾಗುತ್ತದೆ, ಅದನ್ನೂ ನೋಡುತ್ತಿರಿ. ಹಾಗೇ ಅವನ ಸೊಂಟದ ಕೀಲನ್ನು ಪರೀಕ್ಷಿಸಲು ವೈದ್ಯರಿಗೆ ನೆನಪಿಸಿ. ಕತ್ತು ಹೀಗಿರುವ ಕೆಲವು ಮಕ್ಕಳಲ್ಲಿ ಸೊಂಟದ ಕೀಲೂ ಸರಿಯಾಗಿ ಕೂತಿರುವುದಿಲ್ಲ.

ಕತ್ತು ವಾಲಿದ್ದೆಲ್ಲ ಕತ್ತಿನದೇ ತೊಂದರೆ ಆಗಬೇಕಿಲ್ಲ. ಕಣ್ಣಿನ ಒಂದು ಸ್ನಾಯು ದುರ್ಬಲವಾಗಿದ್ದರೆ ವಸ್ತು ಎರಡೆರಡಾಗಿ ಕಾಣುತ್ತದೆ, ಅದನ್ನು ತಪ್ಪಿಸಲು ಮಗು ತಲೆ ವಾಲಿಸುತ್ತದೆ. ಒಂದು ಕಣ್ಣು ಮುಚ್ಚಿದ ಕೂಡಲೇ ತಲೆ ನೆಟ್ಟಗಾದರೆ ಕಣ್ಣಿನ ವೈದ್ಯರ ಕಡೆ ಹೋಗಬೇಕು. ಕೆಲವು ಕೂಸುಗಳಿಗೆ ಹೊಟ್ಟೆಯ ಆಮ್ಲ ಮೇಲೆ ಬಂದು ಹಾಲು ಕುಡಿದ ಮೇಲೆ ಕತ್ತು ತಿರುಚುತ್ತದೆ. ಇನ್ನು ಕೆಲವರಿಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಗಂಟೆಗಟ್ಟಲೆಯೋ ದಿನಗಟ್ಟಲೆಯೋ ವಾಲಿ, ತಾನಾಗಿ ಸರಿಹೋಗುತ್ತದೆ. ದೊಡ್ಡವರಾಗುತ್ತಾ ಅದು ನಿಂತೂ ಹೋಗುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಎಂಬ ಔಷಧಿಯಿಂದ ಕತ್ತು ತಿರುಚಿ ಕಣ್ಣು ಮೇಲಕ್ಕೆ ಹೋಗುವುದೂ ಇದೆ. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಒಂದು ಇಂಜೆಕ್ಷನ್‌ಗೆ ಇಳಿಯುತ್ತದೆ. ಹಾಗಾಗಿ ಮಗುವಿಗೆ ಇತ್ತೀಚೆಗೆ ಕೊಟ್ಟ ಎಲ್ಲ ಔಷಧಿಯ ಹೆಸರು ಹೇಳಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲಿನ ಕೀಲು ಹುಟ್ಟಿನಿಂದಲೇ ಸಡಿಲ ಇರಬಹುದು. ಅವರ ಕತ್ತಿಗೆ ಏನೇ ಆದರೂ ಒಂದು ದಿನವೂ ಕಾಯಬಾರದು.

ಮಗಳನ್ನು ಕರೆದುಕೊಂಡು ಹೋಗುವಾಗ ಹಳೆಯ ಎಕ್ಸ್‌ರೇ ಫಿಲ್ಮ್ ಜೊತೆಗಿರಲಿ, ಬರೀ ರಿಪೋರ್ಟ್ ಸಾಲದು. ಬಿದ್ದ ದಿನ ಯಾವುದು, ಓರೆ ಕಂಡ ದಿನ ಯಾವುದು, ಗಂಟಲುನೋವು ಯಾವಾಗ ಶುರುವಾಯಿತು, ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಿದ್ದ ದಿನದಿಂದ ಈಚೆಗೆ ಫೋನಿನಲ್ಲಿ ತೆಗೆದ ಅವಳ ಫೋಟೊಗಳಿದ್ದರೆ ಅವನ್ನೂ ತೋರಿಸಿ. ಇವತ್ತು ರಾತ್ರಿ ಅವಳು ಗಾಢ ನಿದ್ದೆಯಲ್ಲಿದ್ದಾಗ ಹತ್ತಿರ ಹೋಗಿ, ಮುಟ್ಟದೆ, ಒಂದು ಫೋಟೊ ತೆಗೆಯಿರಿ. ನಿದ್ದೆಯಲ್ಲೂ ಗದ್ದ ಬಲಕ್ಕೇ ಇದೆಯೋ, ಮಧ್ಯಕ್ಕೆ ಬಂದಿದೆಯೋ ಎಂದು ವೈದ್ಯರು ಕೇಳುತ್ತಾರೆ.